ಲಾಳ ನಿಲ್ಲದ ಗೊರಸು: ಎಣ್ಣೆಯೋ, ಬಯೋಟಿನ್ನೋ, ಬರಿಗಾಲೋ?

ಲಾಳ ಹೊಡೆಸಿ ಮೂರು ವಾರ ಕಳೆದಿಲ್ಲ, ಆಗಲೇ ಒಂದು ಬದಿ ಸಡಿಲ. ಮೊಳೆ ಬಂದ ಕಡೆಯಲ್ಲೆಲ್ಲ ಗೊರಸಿನ ಅಂಚು ರಸ್ಕಿನಂತೆ ಪುಡಿಯಾಗುತ್ತಿದೆ. ಇಂಥ ಕುದುರೆ ಇಲ್ಲದ ಲಾಯ ಬೆಂಗಳೂರಿನಲ್ಲಿ ಕಡಿಮೆ. ಸಲಹೆಗಳಿಗೂ ಬರವಿಲ್ಲ. ಒಬ್ಬರು ಎಣ್ಣೆ ಹಚ್ಚಿ ಅನ್ನುತ್ತಾರೆ, ಇನ್ನೊಬ್ಬರು ಬಯೋಟಿನ್ ಎಂಬ ವಿಟಮಿನ್ ಕೊಡಿ ಅನ್ನುತ್ತಾರೆ, ಮತ್ತೊಬ್ಬರು ಲಾಳವನ್ನೇ ಕಿತ್ತು ಆರು ತಿಂಗಳು ಬಿಟ್ಟುಬಿಡಿ ಅನ್ನುತ್ತಾರೆ. ಅಂಟಿನ ಲಾಳ, ಲಾಳಕ್ಕೂ ಗೊರಸಿಗೂ ನಡುವೆ ಇಡುವ ಚರ್ಮದ ಪ್ಯಾಡ್, ಹೊಸ ನಾಲಬಂದ್ (ಲಾಳ ಹೊಡೆಯುವವರು) ಎಲ್ಲವೂ ಪಟ್ಟಿಯಲ್ಲಿರುತ್ತವೆ. ಒಂದೊಂದೂ ಯಾವುದೋ ಒಂದು ಕುದುರೆಗೆ ಸರಿಯಾದ ಉತ್ತರವೇ. ನಿಮ್ಮ ಕುದುರೆಗೆ ಯಾವುದು ಎನ್ನುವುದು ಗೊರಸು ಎಲ್ಲಿ, ಹೇಗೆ ಒಡೆಯುತ್ತಿದೆ ಎನ್ನುವುದರ ಮೇಲೆ ನಿಂತಿದೆ.

ನಮ್ಮ ಪಕ್ಷಪಾತವನ್ನು ಮೊದಲೇ ಹೇಳಿಬಿಡುತ್ತೇವೆ. ಹಣ ಮೊದಲು ಹೋಗಬೇಕಾದದ್ದು ಲಾಳದ ದಿನಾಂಕಕ್ಕೆ ಮತ್ತು ಒಣ ನೆಲಕ್ಕೆ, ಆಮೇಲೆ ಮೇವಿಗೆ. ಮೇಲೆ ಹಚ್ಚುವ ಬಾಟಲಿಯ ಸರದಿ ಎಲ್ಲಕ್ಕಿಂತ ಕೊನೆಗೆ. ಹೆಚ್ಚಿನ ಲಾಯಗಳಲ್ಲಿ ಇದು ತಲೆಕೆಳಗಾಗಿರುತ್ತದೆ.

ಮೊದಲು ಗೊರಸು ಓದಿ

ಗೊರಸು ಕೂದಲಂಚಿನಿಂದ, ಅಂದರೆ ಕಾಲಿನ ಕೂದಲು ಮುಗಿದು ಗೊರಸು ಶುರುವಾಗುವ ಗೆರೆಯಿಂದ, ಕೆಳಕ್ಕೆ ತಿಂಗಳಿಗೆ ಸುಮಾರು 6ರಿಂದ 10 ಮಿ.ಮೀ. ಬೆಳೆಯುತ್ತದೆ. ಮುಂತುದಿಯ ಗೋಡೆ, ಅಂದರೆ ಗೊರಸಿನ ಹೊರಗಿನ ಗಟ್ಟಿ ಕವಚ, ಪೂರ್ತಿ ಹೊಸದಾಗಲು 9ರಿಂದ 12 ತಿಂಗಳು ಬೇಕು. ಹಿಮ್ಮಡಿಯ ಗೋಡೆ ಗಿಡ್ಡ, ಅದಕ್ಕೆ ನಾಲ್ಕೈದು ತಿಂಗಳು ಸಾಕು. ಲೆಕ್ಕ ಹಾಕಿ ನೋಡಿ: ಮುಂತುದಿ 80 ಮಿ.ಮೀ. ಉದ್ದವಿದ್ದು, ಮೊಳೆ ನೆಲದಿಂದ 20 ಮಿ.ಮೀ. ಎತ್ತರದಲ್ಲಿ ಹೊರಬರುತ್ತಿದ್ದರೆ, ಇವತ್ತು ಕೂದಲಂಚಿನಲ್ಲಿ ಹುಟ್ಟಿದ ಗೋಡೆ ಆ ಮೊಳೆಯ ಮಟ್ಟಕ್ಕೆ ಇಳಿಯಲು ತಿಂಗಳಿಗೆ 8 ಮಿ.ಮೀ.ನಂತೆ ಏಳೂವರೆ ತಿಂಗಳು ಹಿಡಿಯುತ್ತದೆ. ಯುಗಾದಿಗೆ ಶುರು ಮಾಡಿದ ಬಯೋಟಿನ್ ಪುಡಿಯ ಫಲ ಮೊಳೆಗೆ ತಿಳಿಯುವುದು ದೀಪಾವಳಿಯ ಹೊತ್ತಿಗೆ. ಎರಡು ತಿಂಗಳು ಕೊಟ್ಟು "ಕೆಲಸ ಮಾಡಲಿಲ್ಲ" ಎಂದು ಬ್ರಾಂಡ್ ಬದಲಿಸುವವರು ಯಾವ ಬ್ರಾಂಡನ್ನೂ ಪರೀಕ್ಷೆ ಮಾಡಿದಂತಾಗುವುದಿಲ್ಲ.

ಹಗಲು ಬೆಳಕಿನಲ್ಲಿ ಕುದುರೆಯನ್ನು ಸಮತಟ್ಟಾದ ಸಿಮೆಂಟು ನೆಲದ ಮೇಲೆ ನಿಲ್ಲಿಸಿ, ಕಾಲು ಒರೆಸಿ, ಕೂತು ನೋಡಿ. ಮೇಲಿನ ಗೋಡೆ ನುಣುಪಾಗಿದ್ದು ಮೊಳೆಸಾಲಿನಿಂದ ಕೆಳಗೆ ಮಾತ್ರ ಒಡೆಯುತ್ತಿದ್ದರೆ ಕೊರತೆ ಮೇವಿನಲ್ಲಿಲ್ಲ, ಲಾಳದ ಕೆಲಸದಲ್ಲಿ ಅಥವಾ ಅದರ ಅಂತರದಲ್ಲಿದೆ. ಕೂದಲಂಚಿನ ಕೆಳಗಿನ ಹೊಸ ಬೆಳವಣಿಗೆಯೂ ತೆಳುವಾಗಿ, ಪದರು ಪದರಾಗಿ ಏಳುತ್ತಿದ್ದರೆ ಒಳಗಿನ ಪೋಷಣೆಯನ್ನು ಅನುಮಾನಿಸಬೇಕು. ಗೋಡೆಗೆ ಉಗುರು ಒತ್ತಿದರೆ ಗುರುತು ಬೀಳುತ್ತದೆ, ಫ್ರಾಗ್‌ನ (ಅಂಗಾಲಿನ ನಡುವಿನ ಮೆತ್ತನೆಯ ತ್ರಿಕೋನದ) ಸಂದಿಯಿಂದ ಕೊಳೆತ ವಾಸನೆ ಬರುತ್ತದೆ ಎಂದರೆ ನೀರು ಹೆಚ್ಚಾಗಿದೆ. ಅಂಗಾಲಿನ ಅಂಚಿನ ಬಿಳಿ ಗೆರೆ ಸೀಮೆಸುಣ್ಣದ ಪುಡಿಯಂತೆ ಉದುರಿ ಗೊರಸು ಕೆರೆಯುವ ಕೊಕ್ಕೆ ಒಳಗೆ ಇಳಿದರೆ, ಗೋಡೆಯನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ, ಬಿಳಿ ಗೆರೆಯೊಳಗೆ ಸೋಂಕು ಮೇಲೇರಿದೆ. ಅಂಥ ಗೊರಸಿನಲ್ಲಿ ಟೊಳ್ಳನ್ನು ಕೆತ್ತಿ ಗಾಳಿಗೆ ತೆರೆದಿಡುವುದೇ ಮುಖ್ಯ ಚಿಕಿತ್ಸೆ. ಮೇಲೆ ಹಚ್ಚಿದ್ದೇನೂ ಅಲ್ಲಿಗೆ ತಲುಪುವುದಿಲ್ಲ.

ಸೀಳಿನ ದಿಕ್ಕನ್ನೂ ಗಮನಿಸಿ. ನೆಲದಿಂದ ಮೇಲೇರಿದ ಸೀಳು ಸಾಮಾನ್ಯವಾಗಿ ಗೋಡೆ ಉದ್ದವಾಗಿ ಹೊರಕ್ಕೆ ಅಗಲಿದ್ದರಿಂದ ಆದದ್ದು, ತಿದ್ದಿದರೆ ನಿಲ್ಲುತ್ತದೆ. ಕೂದಲಂಚಿನಿಂದ ಕೆಳಗಿಳಿದ ಸೀಳು ಬೇರೆಯದೇ ಕಥೆ, ಅದರಲ್ಲೂ ಒತ್ತಿದರೆ ನೋವು, ರಕ್ತ ಇದ್ದರೆ ಪಶುವೈದ್ಯರು ನೋಡಲೇಬೇಕು. ಇನ್ನೊಂದು ಗುರುತು ಬಳೆಗಳದ್ದು. ಗೋಡೆಯ ಮೇಲಿನ ಅಡ್ಡಬಳೆಗಳ ನಡುವಿನ ಅಂತರ ಮುಂತುದಿಯಲ್ಲಿ ಕಡಿಮೆ, ಹಿಮ್ಮಡಿಯಲ್ಲಿ ಹೆಚ್ಚು ಇದ್ದರೆ ಲ್ಯಾಮಿನೈಟಿಸ್, ಅಂದರೆ ಗೊರಸಿನೊಳಗಿನ ಉರಿಯೂತ, ಬಂದುಹೋಗಿರಬಹುದು ಅಥವಾ ಈಗಲೂ ಒಳಗೆ ಹೊಗೆಯಾಡುತ್ತಿರಬಹುದು. ಗೊರಸು ಬಿಸಿ, ಗೆಣ್ಣಿನ ಹಿಂದೆ ನಾಡಿ ಬಲವಾಗಿ ಹೊಡೆಯುತ್ತಿದೆ, ಕುದುರೆ ಮುಂಗಾಲನ್ನು ಮುಂದೆ ಚಾಚಿ ನಿಲ್ಲುತ್ತಿದೆ ಎಂದಾದರೆ ಈ ಬರಹವನ್ನು ಬದಿಗಿಟ್ಟು ವೈದ್ಯರಿಗೆ ಫೋನ್ ಮಾಡಿ.

ಕೊನೆಯದಾಗಿ ಹೆಬ್ಬೆರಳಿನ ಪರೀಕ್ಷೆ: ಫ್ರಾಗ್‌ನ ತುದಿಯ ಮುಂದೆ ಅಂಗಾಲನ್ನು ಬಲವಾಗಿ ಒತ್ತಿ. ಒಂಚೂರು ಕುಸಿದರೂ ಅಂಗಾಲು ತೆಳು. ಮುಂದೆ ಬರುವ ಆಯ್ಕೆಗಳಲ್ಲಿ ಇದು ದೊಡ್ಡ ವ್ಯತ್ಯಾಸ ಮಾಡುತ್ತದೆ.

ಮೊದಲ ಆಯ್ಕೆ: ಅದೇ ಕಬ್ಬಿಣದ ಲಾಳ, ಸರಿಯಾದ ಕೆಲಸ

ಹತ್ತರಲ್ಲಿ ಏಳೆಂಟು ಕಾಲುಗಳು ಇಷ್ಟರಲ್ಲೇ ಸುಧಾರಿಸುತ್ತವೆ ಎಂದೇ ನಮ್ಮ ಅಂದಾಜು. ಆದರೆ ಇದರಲ್ಲಿ ಮಾರುವಂಥದ್ದೇನೂ ಇಲ್ಲ, ಆದ್ದರಿಂದ ಯಾರೂ ಇದನ್ನು ಜೋರಾಗಿ ಹೇಳುವುದಿಲ್ಲ.

ರೇಸ್ ಬಿಟ್ಟು ರೈಡಿಂಗ್ ಶಾಲೆಗೆ ಬಂದ ಥರೋಬ್ರೆಡ್‌ಗಳ ಕಾಲು ಯಾಕೆ ಹೀಗಿರುತ್ತದೆ ಎಂದು ತಿಳಿದರೆ ಲೆಕ್ಕ ಅರ್ಥವಾಗುತ್ತದೆ. ತಳಿಯೇ ತೆಳು ಗೋಡೆಯದು, ಅಂಗಾಲು ಚಪ್ಪಟೆ, ಹಿಮ್ಮಡಿ ತಗ್ಗು. ಅದರ ಮೇಲೆ ಹಗುರವಾದ ಅಲ್ಯೂಮಿನಿಯಂ ಪ್ಲೇಟನ್ನು ಬೇಗ ಬೇಗ ಬದಲಿಸುತ್ತಾರೆ. ಮೂರು ವಾರಕ್ಕೊಮ್ಮೆ ಮೊಳೆ ಬಿದ್ದರೆ ಆ ಅವಧಿಯಲ್ಲಿ ಗೊರಸು ಬೆಳೆದಿರುವುದು ಬರೀ 6 ಮಿ.ಮೀ. ಅಂದರೆ ಹಳೆಯ ತೂತಿನ ಸಾಲಿಗೂ ಹೊಸ ಸಾಲಿಗೂ 6 ಮಿ.ಮೀ. ಅಂತರ, ಒಂದೇ ಹೊತ್ತಿಗೆ ಗೋಡೆಯಲ್ಲಿ ಮೂರು ಸಾಲು ತೂತು. ಅಂಚೆಚೀಟಿಯ ಅಂಚಿನಂತೆ ಅದು ಹರಿಯದೆ ಇನ್ನೇನು ಮಾಡೀತು? ಅದೇ ಐದು ವಾರಕ್ಕೆ ಬದಲಿಸಿದರೆ ಸಾಲುಗಳ ನಡುವೆ 9–10 ಮಿ.ಮೀ. ಸಿಗುತ್ತದೆ, ಗೋಡೆಯಲ್ಲಿ ಒಂದೇ ಹೊತ್ತಿಗೆ ಎರಡೇ ಸಾಲು ಉಳಿಯುತ್ತದೆ.

ಹಾಗೆಂದು ಎಂಟು, ಹತ್ತು ವಾರಕ್ಕೆ ಎಳೆದರೆ ಉಳಿತಾಯವಲ್ಲ. ಮುಂತುದಿ ಉದ್ದವಾದಂತೆ ಪ್ರತಿ ಹೆಜ್ಜೆಯಲ್ಲೂ ಅದು ಸನ್ನೆಗೋಲಿನಂತೆ ಗೋಡೆಯನ್ನು ಎಳೆಯುತ್ತದೆ. ಹಿಮ್ಮಡಿ ಲಾಳದ ಒಳಕ್ಕೆ ಜಾರುತ್ತದೆ, ಮಡಿಸಿದ ಮೊಳೆತುದಿಗಳು ಏಳುತ್ತವೆ, ಲಾಳ ಅಲ್ಲಾಡಿ ತೂತುಗಳು ಅಗಲವಾಗುತ್ತವೆ. ಆಮೇಲೆ ಕೆಸರಿನಲ್ಲಿ ಲಾಳ ಕಿತ್ತುಬಂದಾಗ ಗೋಡೆಯ ತುಂಡನ್ನೂ ಜೊತೆಗೆ ತರುತ್ತದೆ. ಹಾಳಾದ ಗೊರಸಿಗೆ 4ರಿಂದ 5 ವಾರ, ಚೆನ್ನಾಗಿರುವುದಕ್ಕೆ 5ರಿಂದ 6. ಮುಂದಿನ ದಿನಾಂಕವನ್ನು ಇವತ್ತೇ ಗೊತ್ತುಮಾಡಿ ಲಾಯದ ಬಾಗಿಲಿಗೆ ಬರೆದುಹಾಕಿ. "ಸಡಿಲವಾದಾಗ ಕರೆಯುತ್ತೇವೆ" ಎನ್ನುವ ಪದ್ಧತಿಯೇ ಅರ್ಧ ರೋಗ.

ನಾಲಬಂದರ ಜೊತೆ ಮಾತಾಡಬೇಕಾದ ಸಂಗತಿಗಳು ಇವು. ಲಾಳವನ್ನು ಗೊರಸಿಗೆ ಹೊಂದಿಸಬೇಕು, ಗೊರಸನ್ನು ಅರದಿಂದ ಉಜ್ಜಿ ಲಾಳಕ್ಕೆ ಹೊಂದಿಸಬಾರದು. ಚಿಕ್ಕ ಲಾಳ ಹಾಕಿ ಮುಂದೆ ಚಾಚಿದ ಗೋಡೆಯನ್ನು ಉಜ್ಜಿಬಿಟ್ಟರೆ ಆ ದಿನ ಅಂದವಾಗಿ ಕಾಣುತ್ತದೆ, ಆದರೆ ಮೊಳೆ ಹಿಡಿಯಬೇಕಾದ ಗಟ್ಟಿ ಭಾಗವೇ ನೆಲಕ್ಕೆ ಉದುರಿರುತ್ತದೆ. ಮೊಳೆತುದಿಯ ಮೇಲಿನ ಗೋಡೆಗೆ ಅರ ತಾಗಲೇಬಾರದು. ಮೊಳೆಗಳು ಗೊರಸಿನ ಅತಿ ಅಗಲದ ಜಾಗದಿಂದ ಹಿಂದಕ್ಕೆ ಹೋಗಬಾರದು, ಏಕೆಂದರೆ ಭಾರ ಬಿದ್ದಾಗ ಹಿಮ್ಮಡಿ ಅಗಲವಾಗಬೇಕು. ಅಲ್ಲಿ ಮೊಳೆ ಹೊಡೆದರೆ ಒಂದೋ ಗೋಡೆ ಒಡೆಯುತ್ತದೆ, ಇಲ್ಲವೇ ಹಿಮ್ಮಡಿ ಇಕ್ಕಟ್ಟಾಗುತ್ತದೆ. ಹಿಂಬದಿಯಲ್ಲಿ ಲಾಳದ ಅಂಚು ಗೋಡೆಗಿಂತ ಎರಡು ಮೂರು ಮಿ.ಮೀ. ಹೊರಗಿದ್ದರೆ ಆ ಅಗಲಿಕೆಗೆ ಜಾಗ. ಹೀಗೆ ಬಿಟ್ಟರೆ ಹಿಂಗಾಲು ತುಳಿದು ಲಾಳ ಕೀಳುತ್ತದೆ ಎಂಬ ಹೆದರಿಕೆ ನಿಜವೇ, ಅದಕ್ಕೆ ಮುಂಗಾಲಿನ ಗೊರಸನ್ನು ಸುತ್ತಿ ಮುಚ್ಚುವ ಬೆಲ್ ಬೂಟ್ ಕಟ್ಟುವುದು ಲಾಳ ಚಿಕ್ಕದು ಮಾಡುವುದಕ್ಕಿಂತ ಅಗ್ಗ.

ಮೊಳೆ ಗೋಡೆಯ ಎತ್ತರದ ಮೂರನೇ ಒಂದು ಭಾಗದಲ್ಲಿ, ಅಂದಾಜು 18–20 ಮಿ.ಮೀ. ಮೇಲೆ ಹೊರಬರಬೇಕು. ತೀರಾ ಕೆಳಗೆ ಬಂದರೆ ಪುಡಿಯಾದ ಭಾಗವನ್ನೇ ಹಿಡಿದಿರುತ್ತದೆ, ತೀರಾ ಮೇಲಾದರೆ ಜೀವಂತ ಭಾಗವನ್ನು ಒತ್ತಿ ಕುಂಟು ಬರುತ್ತದೆ. ಎಂಟರ ಬದಲು ಆರು ಮೊಳೆ ಸಾಕಾದರೆ ಆರೇ ಇರಲಿ, ಗೋಡೆಯನ್ನು ಪಕ್ಕದಿಂದ ಹಿಡಿಯುವ ಕ್ಲಿಪ್ ಇರುವ ಲಾಳಕ್ಕೆ ಕೆಲವೊಮ್ಮೆ ಐದರಲ್ಲೇ ನಡೆಯುತ್ತದೆ. ಇ-5 ಅಳತೆಯ ಮೊಳೆ ಹೊಡೆಯುತ್ತಿದ್ದಲ್ಲಿ ಅದಕ್ಕಿಂತ ಸಣ್ಣ ಇ-4 ಅಥವಾ ತೆಳು ಅಲಗಿನ ಮೊಳೆ ಆಗುತ್ತದೆಯೇ ಕೇಳಿ. ಆದರೆ ಮೊಳೆಯ ತಲೆ ಲಾಳದ ತೋಡಿನೊಳಗೆ ಬಿಗಿಯಾಗಿ ಕೂರಬೇಕು. ತಲೆ ಸಣ್ಣದಾಗಿ ಅಲ್ಲಾಡಿದರೆ ತೆಳು ಮೊಳೆಯ ಲಾಭವೆಲ್ಲ ಅಲ್ಲೇ ಹೋಯಿತು.

ಲಾಳದ ಕೆಲಸ ಸರಿಯಿದ್ದೂ ಸಡಿಲವಾಗುತ್ತಿದ್ದರೆ ನೊಣ ನೋಡಿ. ಮಳೆಗಾಲದಲ್ಲಿ ನೊಣದ ಕಾಟಕ್ಕೆ ಕುದುರೆ ಸಿಮೆಂಟಿನ ಮೇಲೆ ದಿನವಿಡೀ ಕಾಲು ಬಡಿಯುತ್ತದೆ, ಒಂದೊಂದು ಬಡಿತವೂ ಮೊಳೆಗೆ ಸುತ್ತಿಗೆಯ ಪೆಟ್ಟು. ತಿಪ್ಪೆಯನ್ನು ಲಾಯದಿಂದ ದೂರ ಹಾಕುವುದು, ಫ್ಯಾನ್, ಕಿಟಕಿಗೆ ಜಾಲರಿ ಇವು ಗೊರಸಿನ ಔಷಧಿಗಳೇ.

ನೀರು: ಬೆಂಗಳೂರಿನ ಗೊರಸಿನ ನಿಜವಾದ ಶತ್ರು

ಫೆಬ್ರವರಿ, ಮಾರ್ಚಿನಲ್ಲಿ ಕೆಂಪು ಮಣ್ಣು ಇಟ್ಟಿಗೆಯಂತೆ ಗಟ್ಟಿ. ಮೇ ತಿಂಗಳ ಮಳೆಯಿಂದ ಅಕ್ಟೋಬರಿನವರೆಗೆ ಪ್ಯಾಡಕ್‌ನ (ಕುದುರೆ ಬಿಡುವ ಬೇಲಿಯೊಳಗಿನ ಬಯಲಿನ) ಗೇಟಿನ ಬಳಿ ಕೆಸರು, ಅದರಲ್ಲೂ ಸೆಪ್ಟೆಂಬರಿನಲ್ಲಿ ಅತಿ ಹೆಚ್ಚು. ಗೊರಸು ಒಣಗಿಯೇ ಇದ್ದರೆ ಗಟ್ಟಿ. ನೆನೆದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ, ಈ ಉಬ್ಬಿಳಿತದಲ್ಲಿ ಮೊಳೆಯ ತೂತು ದೊಡ್ಡದಾಗುತ್ತದೆ. ಹಳೆಯ ಮರದ ಬಾಗಿಲಿನ ತಿರುಪು ಸಡಿಲವಾಗುವ ರೀತಿಯೇ ಇದು.

ಮಳೆ ನಮ್ಮ ಕೈಯಲ್ಲಿಲ್ಲ, ಪೈಪು ಇದೆ. ಬೆಳಗಿನ ಸವಾರಿ ಮುಗಿದ ಮೇಲೊಮ್ಮೆ, ಸಂಜೆಯ ಪಾಠದ ಮೇಲೊಮ್ಮೆ, ನಡುವೆ ಸೆಕೆ ಎಂದು ಇನ್ನೊಮ್ಮೆ ಕಾಲು ತೊಳೆಯುವ ರೂಢಿ ಬಿಡಿಸಬೇಕು. ಕುದುರೆ ನೋಡಿಕೊಳ್ಳುವ ಸೈಸ್‌ಗೆ, ತೊಳೆಯದಿರುವುದು ಸೋಮಾರಿತನವಲ್ಲ, ಕೆಲಸವೇ ಎಂದು ಮಾಲೀಕರು ಹೇಳದಿದ್ದರೆ ಅವರು ತೊಳೆಯುತ್ತಲೇ ಇರುತ್ತಾರೆ, ಒದ್ದೆ ಮಿಂಚುವ ಗೊರಸನ್ನು ನೋಡಿ ಎಲ್ಲರೂ ಮೆಚ್ಚುತ್ತಾರಲ್ಲ. ಮೈ ತೊಳೆದರೂ ಮೊಣಕಾಲಿನಿಂದ ಕೆಳಗೆ ಒಣ ಬ್ರಷ್ ಸಾಕು. ತೊಳೆದದ್ದೇ ಆದರೆ ಗೆಣ್ಣು, ಹಿಮ್ಮಡಿ, ಫ್ರಾಗ್‌ನ ಸಂದಿಯನ್ನು ಬಟ್ಟೆಯಿಂದ ಒರೆಸಿ ಒಳಗೆ ಕಟ್ಟಬೇಕು.

ಹಾಸಿಗೆಯಲ್ಲಿ ಭತ್ತದ ಹುಲ್ಲು ಮತ್ತು ಮರದ ಹೊಟ್ಟು ಎರಡೂ ನಡೆಯುತ್ತವೆ, ಎರಡರ ದೋಷವೂ ಬೇರೆ. ಹುಲ್ಲು ಮೂತ್ರ ಹೀರುವುದು ಕಡಿಮೆ, ನೆಲಕ್ಕೆ ಇಳಿಜಾರಿದ್ದರೆ ಮಾತ್ರ ಕಾಲು ಒಣಗಿರುತ್ತದೆ. ಹೊಟ್ಟು ಚೆನ್ನಾಗಿ ಹೀರುತ್ತದೆ, ಆದರೆ ಒದ್ದೆ ಗುಂಡಿಯನ್ನು ದಿನಕ್ಕೆರಡು ಸಲ ತೆಗೆಯದಿದ್ದರೆ ಅಮೋನಿಯಾದ ಪಟ್ಟು ಹಾಕಿದಂತೆ ಅಂಗಾಲಿಗೆ ಅಂಟಿಕೊಳ್ಳುತ್ತದೆ. ಪ್ಲೈವುಡ್ ಕಾರ್ಖಾನೆಯ ಧೂಳು ಬೇಡ, ಅಂಟು, ರಾಸಾಯನಿಕ ಎರಡೂ ಅದರಲ್ಲಿರುತ್ತವೆ. ರಬ್ಬರ್ ಮ್ಯಾಟ್ ಹಾಕಿದವರು ವಾರಕ್ಕೊಮ್ಮೆ ಅದನ್ನೆತ್ತಿ ಕೆಳಗೆ ನಿಂತ ಮೂತ್ರ ತೊಳೆಯಬೇಕು. ಇದೊಂದನ್ನು ಮಾಡುವವರು ಅಪರೂಪ.

ಎರಡನೇ ಆಯ್ಕೆ: ಲಾಳ ಕಿತ್ತು ಬರಿಗಾಲು

ಮೊಳೆ ಹಿಡಿಯುವ ಜಾಗವೇ ಉಳಿದಿಲ್ಲ ಎಂದಾದಾಗ ಇದು ಅತ್ಯಂತ ಅಗ್ಗದ, ಕೆಲವು ಕುದುರೆಗಳಿಗೆ ಅತ್ಯಂತ ಒಳ್ಳೆಯ ದಾರಿ. 20 ಮಿ.ಮೀ. ಎತ್ತರದ ತೂತುಗಳು ತಿಂಗಳಿಗೆ 8 ಮಿ.ಮೀ.ನಂತೆ ಎರಡೂವರೆ ಮೂರು ತಿಂಗಳಲ್ಲಿ ಬೆಳೆದು ಹೋಗುತ್ತವೆ. "ಒಂದು ವರ್ಷ ಬಿಡಬೇಕು" ಎಂದು ಹೆದರಬೇಕಿಲ್ಲ, ಮತ್ತೆ ಲಾಳಕ್ಕೆ ಬರುವವರಿಗೆ ಮೂರು ತಿಂಗಳ ಬಿಡುವೇ ಸಾಕಷ್ಟು ಲಾಭ.

ಯಾರಿಗೆ ಸರಿ: ಮರಳಿನ ಅಂಗಳದಲ್ಲಿ, ಹುಲ್ಲಿನಲ್ಲಿ ಮಾತ್ರ ಕೆಲಸವಿರುವ ಕುದುರೆಗೆ, ಗಟ್ಟಿ ಗೊರಸಿನ ಮಾರ್ವಾಡಿ, ಕಾಠಿಯಾವಾಡಿ ಮತ್ತು ಅವುಗಳ ಮಿಶ್ರತಳಿಗೆ, ಬಿಡುವಿನಲ್ಲಿರುವ ಕುದುರೆಗೆ. ಯಾರಿಗೆ ತಪ್ಪು: ಡಾಂಬರು ರಸ್ತೆಯಲ್ಲಿ ನಡೆಯುವ ಮದುವೆ ಮೆರವಣಿಗೆಯ ಕುದುರೆಗೆ, ಹೆಬ್ಬೆರಳಿಗೆ ಅಂಗಾಲು ಕುಸಿಯುವ ಥರೋಬ್ರೆಡ್‌ಗೆ. ತೆಳು ಅಂಗಾಲಿನದನ್ನು ಜಲ್ಲಿಯ ದಾರಿಗೆ ಬರಿಗಾಲಲ್ಲಿ ಇಳಿಸಿದರೆ ವಾರದೊಳಗೆ ಒಳಗಾಯವಾಗಿ ಕೀವು ಕಟ್ಟಬಹುದು.

ಕಾಲವನ್ನೂ ಆರಿಸಿಕೊಳ್ಳಬೇಕು. ನವೆಂಬರ್ ಕೊನೆ, ಡಿಸೆಂಬರ್ ಸರಿಯಾದ ಹೊತ್ತು, ಮಳೆ ಮುಗಿದಿರುತ್ತದೆ, ನೆಲ ಇನ್ನೂ ಕಲ್ಲಾಗಿರುವುದಿಲ್ಲ. ಸೆಪ್ಟೆಂಬರಿನಲ್ಲಿ ಕಿತ್ತರೆ ನೆನೆದು ಮೆತ್ತಗಾದ ಗೋಡೆ ಚಿಂದಿಯಾಗುತ್ತದೆ. ಮಾರ್ಚಿನಲ್ಲಿ ಕಿತ್ತರೆ ಪ್ಯಾಡಕ್ಕೇ ಕಾಂಕ್ರೀಟು.

ಕೀಳುವಾಗ ಪ್ರತಿ ಮೊಳೆತುದಿಯನ್ನೂ ಮೊದಲು ಬಿಡಿಸಿ, ಮೊಳೆಗಳನ್ನು ಒಂದೊಂದಾಗಿ ಎಳೆಯಬೇಕು. ಇಕ್ಕಳ ಹಾಕಿ ಒಂದೇ ಏಟಿಗೆ ಲಾಳ ತಿರುಚಿದರೆ ಉಳಿದ ಗೋಡೆಯೂ ಬರುತ್ತದೆ. ಅಂಗಾಲಿಗೆ ಚಾಕು ಮುಟ್ಟಿಸಬಾರದು. ಗೋಡೆಯ ಕೆಳ ಅಂಚನ್ನು ಸುತ್ತಲೂ ಐದಾರು ಮಿ.ಮೀ. ದುಂಡಾಗಿಸಬೇಕು, ಚೂಪು ಅಂಚು ಬಿಟ್ಟರೆ ಅಲ್ಲಿಂದಲೇ ಸಿಬಿರೇಳುತ್ತದೆ. ಮೊದಲ ಎರಡು ಮೂರು ವಾರ ಮರಳು ಅಥವಾ ಹುಲ್ಲಿನ ಮೇಲೆ ನಡಿಗೆ ಮಾತ್ರ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ ಅಂಚು ತಿದ್ದುವುದು. ಬರಿಗಾಲು ಎಂದರೆ ನಾಲಬಂದರ ಖರ್ಚು ಪೂರ್ತಿ ಉಳಿಯಿತು ಎಂದುಕೊಂಡವರೇ ಮೂರನೇ ತಿಂಗಳು "ನಮ್ಮ ಕುದುರೆಗೆ ಆಗಿಬರಲಿಲ್ಲ" ಅನ್ನುತ್ತಾರೆ. ಹೊರಗಿನ ಸವಾರಿಗೆ ಗೊರಸಿನ ಬೂಟ್ ಕೊಳ್ಳುವುದಾದರೆ ತಿದ್ದಿದ ದಿನವೇ ಉದ್ದ, ಅಗಲ ಎರಡನ್ನೂ ಮಿ.ಮೀ.ನಲ್ಲಿ ಅಳೆಯಿರಿ. ನಾಲ್ಕು ವಾರ ಬೆಳೆದ ಗೊರಸಿನ ಅಳತೆಗೆ ತರಿಸಿದ ಬೂಟ್ ತಿರುಗಿ ಹಿಮ್ಮಡಿ ಉಜ್ಜುತ್ತದೆ.

ಮೂರನೇ ಆಯ್ಕೆ: ಅಂಟಿನ ಲಾಳ, ಅಕ್ರಿಲಿಕ್ ದುರಸ್ತಿ

ಮೊಳೆ ನಿಲ್ಲುವುದಿಲ್ಲ, ಬರಿಗಾಲಿಗೂ ಬಿಡಲಾಗದು. ಈ ಸಂದಿಗ್ಧಕ್ಕೆ ಹುಟ್ಟಿದ್ದು ಅಂಟು. ಖರ್ಚು ಮಾಮೂಲಿ ಲಾಳದ ಹಲವು ಪಟ್ಟು, ಕೈಚಳಕವೂ ಅಷ್ಟೇ ಬೇಕು. ಅಂಟು ಸೋಲುವುದು ಸಾಮಾನ್ಯವಾಗಿ ಅಂಟಿನ ತಪ್ಪಿನಿಂದಲ್ಲ, ತೇವ ಮತ್ತು ಎಣ್ಣೆಯಿಂದ. ಅಂಟಿಸುವ ಎರಡು ವಾರ ಮೊದಲೇ ಎಣ್ಣೆ ಹಚ್ಚುವುದು ನಿಲ್ಲಬೇಕು. ಹಿಂದಿನ ರಾತ್ರಿ ಒಣ ಹಾಸಿಗೆ. ಗೋಡೆಯ ಹೊರಪದರವನ್ನು ಅರದಿಂದ, ಆಮೇಲೆ 60–80 ನಂಬರಿನ ಉಪ್ಪುಕಾಗದದಿಂದ ಉಜ್ಜಿ, ಹೀಟ್ ಗನ್ನಿನ ಬಿಸಿಗಾಳಿ ಹಿಡಿದು ಒಣಗಿಸಿ, ಅಲ್ಲಿಂದ ಮುಂದೆ ಬರಿಗೈ ತಾಗಿಸದೆ ಅಂಟಿಸಬೇಕು. ಗಟ್ಟಿಯಾಗುವವರೆಗೆ ಕುದುರೆ ಅಲುಗಾಡಬಾರದು. ಅಕ್ರಿಲಿಕ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ, ಆದ್ದರಿಂದ ತೆಳು ಗೋಡೆಯ ಮೇಲೆ ದಪ್ಪ ಪದರ ಒಂದೇ ಸಲ ಹಾಕುವುದಿಲ್ಲ.

ದೊಡ್ಡ ಅಪಾಯ ಸೋಂಕನ್ನು ಒಳಗೆ ಮುಚ್ಚಿಬಿಡುವುದು. ಟೊಳ್ಳಿನಲ್ಲಿ ಕಪ್ಪು ಪುಡಿ ಉಳಿದಿದ್ದರೆ ಅದರ ಮೇಲೆ ಅಕ್ರಿಲಿಕ್ ತುಂಬುವುದೆಂದರೆ ಹುಳುಕು ಹಲ್ಲನ್ನು ತೊಳೆಯದೆ ಸಿಮೆಂಟು ತುಂಬಿದಂತೆ. ಆರೋಗ್ಯವಾದ ಗಟ್ಟಿ ಗೋಡೆ ಕಾಣುವವರೆಗೆ ಕೆತ್ತಿದ ಮೇಲೆಯೇ ತುಂಬುವ ಮಾತು. ಅಂಟಿನ ಲಾಳದಲ್ಲಿ ಎರಡು ಮೂರು ಸುತ್ತು ದಾಟಿಸಿ, ಗೋಡೆ ಬೆಳೆದ ಕೂಡಲೇ ಮೊಳೆಗೆ ಮರಳುವುದು ಜಾಣತನ. ಅಂಟಿನ ಕೆಳಗೆ ಉಳಿದ ಗೋಡೆ ತಿಂಗಳುಗಟ್ಟಲೆ ಉಸಿರಾಡದೆ ಮೆತ್ತಗಾಗುತ್ತದೆ.

ಪ್ಯಾಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ತೆಳು ಅಂಗಾಲಿಗೆ ಬೇಸಗೆಯಲ್ಲಿ ಒಂದೆರಡು ಸುತ್ತು ಒಳ್ಳೆಯದು. ಮಳೆಗಾಲದಲ್ಲಿ ಪೂರ್ತಿ ಪ್ಯಾಡ್ ಹಾಕಿದರೆ ಒಳಗೆ ಏನು ಕೊಳೆಯುತ್ತಿದೆ ಎಂದು ಐದು ವಾರ ಯಾರಿಗೂ ಕಾಣುವುದಿಲ್ಲ. ಒಡೆಯುವ ಗೋಡೆಗೆ ಪ್ಯಾಡ್ ಚಿಕಿತ್ಸೆಯೂ ಅಲ್ಲ: ಅದರ ದಪ್ಪದಿಂದ ಮೊಳೆ ಉದ್ದವಾಗಿ, ಎಳೆತ ಹೆಚ್ಚುತ್ತದೆ.

ಮೇವು: ಪುಡಿಗಿಂತ ಮೊದಲು ಬಕೆಟ್ ನೋಡಿ

ನಮ್ಮ ಕಡೆಯ ಬಕೆಟ್ಟಿನಲ್ಲಿ ಓಟ್ಸ್, ಗೋಧಿ ಬೂಸಾ, ಬೇಯಿಸಿದ ಹುರುಳಿ ಅಥವಾ ಕಡಲೆ ಇರುತ್ತದೆ. ಮುಂದೆ ಒಣಹುಲ್ಲು, ಹಸಿ ನೇಪಿಯರ್, ಸಿಕ್ಕರೆ ಕುದುರೆ ಮಸಾಲೆ ಸೊಪ್ಪು, ಅಂದರೆ ಲೂಸರ್ನ್. ಇದರಲ್ಲಿ ಗೊರಸಿಗೆ ಎರಡು ಕೊರತೆ ಸಾಮಾನ್ಯ.

ಒಂದು, ಬೂಸಾದಲ್ಲಿ ರಂಜಕ ಬಹಳ, ಸುಣ್ಣ ತೀರಾ ಕಡಿಮೆ. ಅರ್ಧ ಕಿಲೋ ಬೂಸಾದಲ್ಲಿ ಸುಮಾರು 6 ಗ್ರಾಂ ರಂಜಕಕ್ಕೆ ಒಂದು ಗ್ರಾಂ ಕ್ಯಾಲ್ಸಿಯಂ ಕೂಡ ಇರುವುದಿಲ್ಲ. ಕುದುರೆಗೆ ಬೇಕಾದದ್ದು ಒಂದಕ್ಕೆ ಒಂದೂವರೆಯಾದರೂ ಕ್ಯಾಲ್ಸಿಯಂ. ಆ ಅರ್ಧ ಕಿಲೋವನ್ನು ಸರಿದೂಗಿಸಲು ಮೇವಿಗೆ ಬಳಸುವ ಸುಣ್ಣಕಲ್ಲಿನ ಪುಡಿ 20–25 ಗ್ರಾಂ ಬೇಕು. ಬೂಸಾವನ್ನೇ ಕಡಿಮೆ ಮಾಡುವುದು ಅದಕ್ಕಿಂತ ಸುಲಭ. ನೇಪಿಯರ್, ಭತ್ತದ ಹುಲ್ಲುಗಳಲ್ಲಿ ಆಕ್ಸಲೇಟ್ ಇರುವುದರಿಂದ ಇದ್ದ ಕ್ಯಾಲ್ಸಿಯಂ ಕೂಡ ಮೈಗೆ ಹತ್ತುವುದಿಲ್ಲ. ದಿನಕ್ಕೆ ಒಂದೆರಡು ಕಿಲೋ ಒಣ ಲೂಸರ್ನ್ ಸೇರಿಸಿದರೆ ಕ್ಯಾಲ್ಸಿಯಂ, ಪ್ರೋಟೀನ್ ಎರಡೂ ಒಟ್ಟಿಗೆ ಬರುತ್ತವೆ.

ಎರಡು, ಸತು ಮತ್ತು ತಾಮ್ರ. 500 ಕಿಲೋ ತೂಕದ ಕುದುರೆಗೆ ದಿನಕ್ಕೆ ಸುಮಾರು 400 ಮಿ.ಗ್ರಾಂ ಸತು, 100 ಮಿ.ಗ್ರಾಂ ತಾಮ್ರ ಬೇಕು. ಹುಲ್ಲು ಮತ್ತು ಧಾನ್ಯದಿಂದ ಅಷ್ಟು ಸಿಗುವುದು ಕಷ್ಟ. ಹುರುಳಿಯ ಪ್ರೋಟೀನ್ ಒಳ್ಳೆಯದೇ, ಆದರೆ ಎಲ್ಲ ಬೇಳೆಕಾಳಿನಂತೆ ಅದರಲ್ಲೂ ಗೊರಸಿಗೆ ಬೇಕಾದ ಮೆಥಿಯೊನಿನ್ ಕಡಿಮೆ. ಒಳ್ಳೆಯ ಗೊರಸಿನ ಪುಡಿ ಎಂದರೆ ದಿನದ ಅಳತೆಯಲ್ಲಿ ಬಯೋಟಿನ್ 15–20 ಮಿ.ಗ್ರಾಂ, ಜೊತೆಗೆ ಸತು, ತಾಮ್ರ, ಎರಡರಿಂದ ಐದು ಗ್ರಾಂ ಮೆಥಿಯೊನಿನ್ ಇರುವಂಥದ್ದು. ಡಬ್ಬಿಯ ಮೇಲೆ "ಕಿಲೋಗೆ ಇಷ್ಟು" ಎಂದು ದೊಡ್ಡ ಅಂಕಿ ಬರೆದಿರುತ್ತಾರೆ, ನೀವು ದಿನದ ಚಮಚಕ್ಕೆ ಭಾಗಿಸಿ ನೋಡಿ. ಕೆಲವು ಡಬ್ಬಿಗಳಲ್ಲಿ ಬಯೋಟಿನ್ ಹೆಸರಿಗಷ್ಟೇ ಇರುವುದು ಆಗ ಗೊತ್ತಾಗುತ್ತದೆ.

ಬಯೋಟಿನ್ ಮಾತ್ರ ಸಾಕು ಎಂದು ವೈದ್ಯರು ಹೇಳಿದರೆ ಮನುಷ್ಯರ ಕೂದಲಿಗೆ ಮಾರುವ 10 ಮಿ.ಗ್ರಾಂ ಮಾತ್ರೆ ಎರಡು ದಿನಕ್ಕೆ ಸಾಕು ಎಂದುಕೊಳ್ಳಬೇಡಿ, ಒಂದೇ ದಿನಕ್ಕೆ ಎರಡು ಮಾತ್ರೆ ಎಂಬುದು ಲೆಕ್ಕ. ಬಯೋಟಿನ್ ಹೊರತು ಬೇರೇನೂ ಇಲ್ಲದ ಮಾತ್ರೆ ಆಗಬೇಕು. ಒಂಬತ್ತು ತಿಂಗಳು ತಪ್ಪದೆ ಕೊಡಲಾಗದಿದ್ದರೆ ಶುರು ಮಾಡದಿರುವುದೇ ಮೇಲು.

ಎರಡು ಎಚ್ಚರಿಕೆಗಳಲ್ಲಿ ರಾಜಿಯಿಲ್ಲ. ಸೆಲೆನಿಯಂ ಇರುವ ಎರಡು ಪುಡಿಗಳನ್ನು ಒಟ್ಟಿಗೆ ಕೊಡಬೇಡಿ. ದಿನಕ್ಕೆ ಒಂದರಿಂದ ಮೂರು ಮಿ.ಗ್ರಾಂ ಸಾಕಾಗುವ ಈ ಖನಿಜ ಅತಿಯಾದರೆ ಕೇಸರ, ಬಾಲ ಉದುರಿ ಗೊರಸು ಕೂದಲಂಚಿನಲ್ಲೇ ಸೀಳುತ್ತದೆ. ಗೊರಸಿಗೆಂದು ಕೊಟ್ಟದ್ದೇ ಗೊರಸನ್ನು ತಿನ್ನುತ್ತದೆ. ಇನ್ನು ಕೋಳಿ ಅಥವಾ ದನದ ಸಿದ್ಧ ಆಹಾರ ಅಗ್ಗವೆಂದು ಕುದುರೆಗೆ ಹಾಕಬೇಡಿ. ಅವುಗಳಲ್ಲಿ ಕೆಲವಕ್ಕೆ ಸೇರಿಸುವ ಮೊನೆನ್ಸಿನ್ ಕುದುರೆಯ ಹೃದಯಕ್ಕೆ ವಿಷ, ಸ್ವಲ್ಪವೂ ಕೊಲ್ಲಬಹುದು.

ಬಾಟಲಿ

ಗೋಡೆ ಸತ್ತ ಪದಾರ್ಥ, ನಮ್ಮ ಉಗುರಿನಂತೆ. ಮೇಲೆ ಹಚ್ಚಿದ್ದು ಅದನ್ನು ಪೋಷಿಸುವುದಿಲ್ಲ, ನೀರು ಒಳಹೊರಗೆ ಹೋಗುವುದನ್ನು ಒಂದಿಷ್ಟು ತಡೆಯುತ್ತದೆ ಅಷ್ಟೇ. ಹಾಗಾಗಿ ಕೆಸರಿಗೆ ಬಿಡುವ ಮುನ್ನ ಒಣಗಿದ ಗೋಡೆಗೆ, ಮುಖ್ಯವಾಗಿ ಮೊಳೆಯ ತೂತುಗಳಿಗೆ ತೆಳುವಾಗಿ ಹಚ್ಚಿದರೆ ಉಪಯೋಗ. ತೊಳೆದ ಒದ್ದೆ ಗೊರಸಿಗೆ ಹಚ್ಚಿದರೆ ನೀರನ್ನು ಒಳಗೇ ಮುಚ್ಚಿದಂತೆ. ಹರಳೆಣ್ಣೆಯೋ ಕೊಬ್ಬರಿ ಎಣ್ಣೆಯೋ ಎಂಬ ಜಗಳಕ್ಕೆ ಅರ್ಥವಿಲ್ಲ. ಡಿಸೆಂಬರಿನ ಬೆಳಿಗ್ಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ, ವ್ಯತ್ಯಾಸ ಅಷ್ಟೇ. ಗ್ಯಾರೇಜಿನ ಹಳೆ ಎಂಜಿನ್ ಆಯಿಲ್ ಹಚ್ಚುವ ಅಭ್ಯಾಸ ಮಾತ್ರ ನಿಲ್ಲಬೇಕು, ಗೆಣ್ಣಿನ ಚರ್ಮ ಸುಡುತ್ತದೆ.

ಫಾರ್ಮಲಿನ್ ಹಚ್ಚಿದರೆ ಗೊರಸು ಎರಡು ವಾರ ಕಲ್ಲಿನಂತೆ ಕಾಣುತ್ತದೆ, ಆಮೇಲೆ ಗಾಜಿನಂತೆ ಒಡೆಯುತ್ತದೆ. ಹಚ್ಚುವವರ ಕಣ್ಣು, ಉಸಿರಿಗೂ ಕೆಟ್ಟದ್ದು. ಫ್ರಾಗ್ ಕೊಳೆತಿದ್ದರೆ ಕೊಕ್ಕೆಯಿಂದ ಕೆರೆದು, ಒಣ ಬ್ರಷ್ ಹಾಕಿ, ಪೊವಿಡೋನ್ ಅಯೋಡಿನ್‌ನಲ್ಲಿ ಅದ್ದಿದ ಹತ್ತಿಯನ್ನು ಸಂದಿಗೆ ತುರುಕಿ ದಿನವೂ ಬದಲಿಸಿ. ಒಂದು ವಾರ, ಹತ್ತು ದಿನದಲ್ಲಿ ವಾಸನೆ ಹೋಗಬೇಕು. ಮೈಲುತುತ್ತದ ಹರಳನ್ನು ರಕ್ತ ಜಿನುಗುವ ಸಂದಿಗೆ ಹಾಕಬೇಡಿ, ಅದು ಕೊಳೆತದ್ದನ್ನೂ ಜೀವಂತವಿರುವುದನ್ನೂ ಬೇರೆ ಮಾಡದೆ ಸುಡುತ್ತದೆ.

ಹಾಗಾದರೆ ಯಾವುದು?

ರೇಸಿನಿಂದ ಈಗಷ್ಟೇ ಬಂದ, ಯಲಹಂಕದಲ್ಲೋ ಸರ್ಜಾಪುರದ ಕಡೆಯೋ ಮಕ್ಕಳಿಗೆ ಪಾಠ ಹೇಳಲಿರುವ ಕುದುರೆಗೆ: ಅಲ್ಯೂಮಿನಿಯಂ ತೆಗೆದು ಹಗುರವಾದ ಕಬ್ಬಿಣ, ಐದು ವಾರದ ಸುತ್ತು, ಆರು ತೆಳು ಮೊಳೆ, ಬೂಸಾ ಕಡಿಮೆ ಮಾಡಿ ಲೂಸರ್ನ್, ಪೂರ್ತಿ ಗೊರಸಿನ ಪುಡಿ. ಕೆಲಸಕ್ಕೆ ಆತುರವಿಲ್ಲದಿದ್ದರೆ, ಅಂಗಾಲು ಗಟ್ಟಿಯಿದ್ದರೆ ಡಿಸೆಂಬರಿನಿಂದ ಮೂರು ತಿಂಗಳು ಬರಿಗಾಲು. ರಸ್ತೆಯ ಕುದುರೆಗೆ ಬರಿಗಾಲಿನ ಮಾತೇ ಬೇಡ, ಕಬ್ಬಿಣ ಮತ್ತು ತಪ್ಪದ ದಿನಾಂಕ. ಸ್ಪರ್ಧೆಯ ನಡುವೆ ಗೋಡೆ ಕಳೆದುಕೊಂಡ ಜಂಪಿಂಗ್ ಕುದುರೆಗೆ ಅಂಟಿನ ಖರ್ಚು ನ್ಯಾಯವಾದದ್ದು. ಹೊಸ ಬೆಳವಣಿಗೆ ಚೆನ್ನಾಗಿದ್ದು ಕೆಳಗಷ್ಟೇ ಒಡೆಯುವ ಕುದುರೆಗೆ ಪುಡಿಯ ಹಣ ಉಳಿಸಿ, ನಾಲಬಂದರನ್ನು ಒಂದು ವಾರ ಮೊದಲೇ ಕರೆಸಿ.

ಏನೇ ಆರಿಸಿದರೂ ಅಳೆದು ನೋಡಿ. ಕೂದಲಂಚಿನಿಂದ 10 ಮಿ.ಮೀ. ಕೆಳಗೆ ಅರದ ಮೂಲೆಯಿಂದ ಅಡ್ಡಕ್ಕೆ ಹಗುರವಾಗಿ ಒಂದು ಗೀರು ಎಳೆದು, ಪ್ರತಿ ಸುತ್ತಿನಲ್ಲೂ ಅದು ಎಷ್ಟು ಇಳಿದಿದೆ ಎಂದು ಸ್ಕೇಲಿನಿಂದ ಅಳೆಯಿರಿ. ಫೋನನ್ನು ನೆಲಕ್ಕೆ ತಾಗಿಸಿ, ಅದೇ ಜಾಗದಲ್ಲಿ, ಅದೇ ಬದಿಯಿಂದ ಚಿತ್ರ ತೆಗೆಯಿರಿ. ಗೀರಿನ ಮೇಲೆ ಬಂದ ಹೊಸ ಪಟ್ಟಿ ಹಳೆಯದಕ್ಕಿಂತ ನುಣುಪಾಗಿ, ಕಡಿದಾದ ಕೋನದಲ್ಲಿ ಇಳಿಯುತ್ತಿದ್ದರೆ ದಾರಿ ಸರಿಯಿದೆ, ಕೆಳಗೆ ಇನ್ನೂ ಒಡೆಯುತ್ತಿದ್ದರೂ ಕೈಬಿಡಬೇಡಿ. ಮೂರು ಸುತ್ತು ಕಳೆದರೂ ಹೊಸ ಪಟ್ಟಿಯೇ ತೆಳುವಾಗಿದ್ದರೆ, ತಿಂಗಳ ಬೆಳವಣಿಗೆ 5 ಮಿ.ಮೀ. ದಾಟದಿದ್ದರೆ, ಅಥವಾ ವಯಸ್ಸಾದ ಕುದುರೆ ಬೇಸಗೆಯಲ್ಲೂ ಉದ್ದ ಕೂದಲು ಉದುರಿಸದಿದ್ದರೆ, ಲಾಯದಲ್ಲಿ ಮಾಡಬಹುದಾದದ್ದು ಮುಗಿಯಿತು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲೋ ಕುದುರೆ ನೋಡುವ ವೈದ್ಯರಲ್ಲೋ ರಕ್ತ ಪರೀಕ್ಷೆ ಮತ್ತು ಗೊರಸಿನ ಪಕ್ಕದ ಎಕ್ಸ್‌ರೇ ಮಾಡಿಸಿ. ಆ ಎಕ್ಸ್‌ರೇಯನ್ನು ಮುಂದಿನ ಸುತ್ತಿಗೆ ಬರುವ ನಾಲಬಂದರಿಗೂ ತೋರಿಸಿ, ಮುಂತುದಿಯನ್ನು ಎಷ್ಟು ಹಿಂದಕ್ಕೆ ತರಬಹುದು ಎಂದು ಅವರು ಅದನ್ನು ನೋಡಿಯೇ ಹೇಳಬಲ್ಲರು.